ಮಾರ್ಜಾರಸ್ವಾಮ್ಯ ವಿಚಾರ

‘ಈ ಬೆಕ್ಕು ಯಾರದು?’ ಎಂಬ ಪ್ರಶ್ನೆಯನ್ನು ಶಾಸ್ತ್ರವಿಚಾರಕ್ಕೆ ತಂದರೆ ನಗುವವರೇ ಬಹಳ. ಭೂಮಿ, ನಿಧಿ, ದಾಯಭಾಗ ಮೊದಲಾದ ಗಂಭೀರ ವಿಷಯಗಳಿರುವಾಗ ಬೆಕ್ಕಿನ ಮಾತೇಕೆಂದು ವಾಚಕಮಹಾಶಯರು ಕೇಳಬಹುದು. ಆದರೆ ಸ್ವತ್ವವೆಂದರೇನು, ಅದು ಹೇಗೆ ಹುಟ್ಟುತ್ತದೆ, ಹೇಗೆ ನಾಶವಾಗುತ್ತದೆ, ವಿವಾದ ಬಂದಲ್ಲಿ ಯಾವ ಪ್ರಮಾಣದಿಂದ ಅದನ್ನು ಸ್ಥಾಪಿಸಬೇಕು ಎಂಬ ಪ್ರಶ್ನೆಗಳು ಹೊಲಗದ್ದೆಗಳ ವಿಷಯದಲ್ಲಿರುವಂತೆಯೇ ಬೆಕ್ಕಿನ ವಿಷಯದಲ್ಲಿಯೂ ಇರುತ್ತವೆ. ಮತ್ತೂ ಕಠಿನವಾಗಿ ಇರುತ್ತವೆಂದರೂ ಸಲ್ಲುವುದು. ಹೊಲಕ್ಕೆ ಎಲ್ಲೆಕಲ್ಲುಂಟು, ಅದು ತಾನಾಗಿ ಎದ್ದು ನೆರೆಮನೆಯ ಕಿಟಕಿಯನ್ನು ಹತ್ತಿ ಹೋಗುವುದಿಲ್ಲ.

ಇದು ಕೇವಲ ಕಲ್ಪನೆಯ ವ್ಯಾಜ್ಯವೂ ಅಲ್ಲ. ಬೆಂಗಳೂರಿನ ಹೊರವಲಯದಲ್ಲಿ 2022ನೆಯ ಇಸವಿಯಲ್ಲಿ ‘ಡೇಸಿ’ ಎಂಬ ಹೆಸರಿನ ಬೆಕ್ಕೊಂದು ಕಾಣೆಯಾಯಿತು. ನೆರೆಮನೆಯವರು ಅದನ್ನು ಕೂಡಿಹಾಕಿಕೊಂಡಿದ್ದಾರೆಂದು ಸಾಕಿದವರು ಪೋಲೀಸರಲ್ಲಿ ದೂರು ಕೊಟ್ಟರು. ಬೆಕ್ಕು ಆ ಮನೆಯಲ್ಲಿ ಇದ್ದುದಕ್ಕೆ ಸಾಕ್ಷಿಯಾಗಿ ಕ್ಯಾಮೆರಾದ ಚಿತ್ರಗಳನ್ನು ಮುಂದಿಟ್ಟರು. ಪೋಲೀಸರು ಬೈಗಳು, ಬೆದರಿಕೆ, ಸ್ತ್ರೀಗೌರವಕ್ಕೆ ಚ್ಯುತಿ ಎಂಬ ಅಪರಾಧಗಳನ್ನು ಹೊರಿಸಿ ದೋಷಾರೋಪಪತ್ರವನ್ನು ಸಲ್ಲಿಸಿದರು. ಪ್ರಕರಣವು ಹೈಕೋರ್ಟಿನವರೆಗೆ ಏರಿತು. ಬೆಕ್ಕುಗಳು ಕಿಟಕಿಯಿಂದ ಬಂದು ಕಿಟಕಿಯಿಂದ ಹೋಗುವ ಪ್ರಾಣಿಗಳೆಂದು ಪ್ರತಿವಾದಿಯ ವಕೀಲರು ವಾದಿಸಿದರು. 2024ನೆಯ ಜುಲೈ ತಿಂಗಳಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನರವರು ಮುಂದಿನ ನಡವಳಿಗೆ ತಡೆಯನ್ನು ಕೊಟ್ಟು, ಇಂತಹ ಮೊಕದ್ದಮೆಗಳಿಗೆ ಅವಕಾಶಕೊಟ್ಟಲ್ಲಿ ದಂಡನ್ಯಾಯದ ವ್ಯವಸ್ಥೆಯೇ ಕಟ್ಟಿಹೋಗುವುದೆಂಬ ಅಭಿಪ್ರಾಯವನ್ನು ತಿಳಿಸಿದರು. ತರುವಾಯ ಆ ಪ್ರಕರಣವು ರದ್ದೂ ಆಯಿತು.

ದಂಡನ್ಯಾಯದ ದೃಷ್ಟಿಯಿಂದ ಈ ತೀರ್ಮಾನವು ಯುಕ್ತವಾಗಿಯೇ ಇದೆ. ಆದರೂ ಬೆಕ್ಕು ಯಾರದೆಂಬ ಮೂಲಪ್ರಶ್ನೆಗೆ ಅಲ್ಲಿ ಎಡೆಯೇ ದೊರೆಯಲಿಲ್ಲ. ಬೈದರೇ, ಬೆದರಿಸಿದರೇ ಎಂಬುದಕ್ಕೆ ಕಾನೂನಿನಲ್ಲಿ ಕಲಮುಗಳು ಸಿಕ್ಕಿದುವು. ಕಳೆದುಕೊಂಡವರ ಸಂಕಟಕ್ಕೆ ಕಲಮು ಸಿಕ್ಕಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿಯೋ ಒಂಟಿಯಾಗಿರುವ ವೃದ್ಧರ ಮನೆಯಲ್ಲಿಯೋ ಬೆಕ್ಕು ಎಂತಹ ಆಪ್ತವಸ್ತುವೆಂಬುದನ್ನು ಬಲ್ಲವರು ಇದನ್ನು ಹಾಸ್ಯವೆಂದು ತಳ್ಳಿಹಾಕಲಾರರು. ಹಾಗಾದರೆ ಈ ಪ್ರಶ್ನೆಯನ್ನು ನಮ್ಮ ದೇಶದ ಪೂರ್ವಿಕರು ಹೇಗೆ ತೀರ್ಮಾನಿಸುತ್ತಿದ್ದರು? ಅವರು ಹಾಕಿಕೊಟ್ಟ ದಾರಿ ಇಂದಿಗೂ ನಡೆಯತಕ್ಕದ್ದೇ? ಇದೇ ಪ್ರಕೃತ ಲೇಖನದ ವಿಷಯವು.

ದಾರಿ ತೋರಿಸುವ ಗ್ರಂಥಕ್ಕಾಗಿ ನಾವು ದೂರ ಹೋಗಬೇಕಾದುದಿಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ ಕ್ರಿ.ಶ. 1076ರಿಂದ 1126ರ ನಡುವಣ ಕಾಲದಲ್ಲಿ ಇದ್ದವನು. ಕನ್ನಡನಾಡಿನ ರಾಜಧಾನಿಯಲ್ಲಿ ಹುಟ್ಟಿದ ಈ ಗ್ರಂಥವು ವಂಗದೇಶವೊಂದನ್ನುಳಿದು ಬಹುಮಟ್ಟಿಗೆ ಭರತಖಂಡವನ್ನೆಲ್ಲಾ ಆಳಿತು. ಕೋಲ್‌ಬ್ರೂಕನು ಇದರ ದಾಯಭಾಗವನ್ನು 1810ರಲ್ಲಿ ಇಂಗ್ಲಿಷಿಗೆ ತಿರುಗಿಸಿದ ಮೇಲೆ ಬ್ರಿಟಿಷರ ಕೋರ್ಟುಗಳಿಗೂ ಅದೇ ಪ್ರಮಾಣವಾಯಿತು. ದಾಯಭಾಗದ ಕೀರ್ತಿಯು ಮಿಕ್ಕ ಭಾಗಗಳನ್ನು ಮರೆಮಾಡಿರುವುದು ಒಂದು ದುರದೃಷ್ಟವೆಂದೇ ಹೇಳಬೇಕು. ಏಕೆಂದರೆ ಕಳೆದುಹೋದ ವಸ್ತು, ಕಳೆದುಹೋದ ಪ್ರಾಣಿ, ಒಡೆಯನಲ್ಲದವನು ಮಾಡಿದ ಮಾರಾಟ ಇವುಗಳ ವಿಚಾರವು ವ್ಯವಹಾರಾಧ್ಯಾಯದಲ್ಲಿ ಬಹು ಸೂಕ್ಷ್ಮವಾಗಿದೆ.

ಅದರ ಸಾರವು ಹೀಗಿದೆ. ಕಳೆದುಹೋದ ವಸ್ತು ಅರಸನ ಕೈಗೆ ಸಿಕ್ಕಿದರೆ ಅದನ್ನು ಒಡೆಯನಿಗೆ ಕೊಡತಕ್ಕದ್ದು. ಆದರೆ ಒಡೆಯನೆಂದು ಬಂದವನು ಅದರ ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳಿ ಸಾಧಿಸಬೇಕು. ಸಾಧಿಸಲಾರದವನು ಆ ವಸ್ತುವಿನ ಬೆಲೆಯಷ್ಟೇ ದಂಡವನ್ನು ತೆರಬೇಕು. ಬಣ್ಣ, ರೂಪ, ಪರಿಮಾಣ, ಕಳೆದ ದೇಶ, ಕಳೆದ ಕಾಲ ಇವುಗಳನ್ನು ಕೇಳಬೇಕೆಂದು ಮನುವೂ ಹೇಳಿರುತ್ತಾನೆ. ಸುಂಕದವರಾಗಲಿ ಕಾವಲುಗಾರರಾಗಲಿ ತಂದೊಪ್ಪಿಸಿದ ವಸ್ತುವನ್ನು ಒಡೆಯನು ಒಂದು ಸಂವತ್ಸರದೊಳಗೆ ಬಿಡಿಸಿಕೊಳ್ಳಬೇಕೆಂದು ಯಾಜ್ಞವಲ್ಕ್ಯನ ಮತ. ಮನುವು ಮೂರು ವರ್ಷಗಳ ಅವಧಿಯನ್ನು ಕೊಡುತ್ತಾನೆ. ಬಿಡಿಸಿಕೊಳ್ಳುವಾಗ ಅರಸನಿಗೆ ಸಲ್ಲಿಸತಕ್ಕ ಹಣವೂ ನಿಯತವಾಗಿದೆ: ಒಂಟಿಗೊರಸಿನ ಪ್ರಾಣಿಗೆ 4 ಪಣ, ಮನುಷ್ಯನಿಗೆ 5, ಎಮ್ಮೆ ಒಂಟೆ ಹಸುಗಳಿಗೆ ತಲಾ 2, ಆಡು ಕುರಿಗಳಿಗೆ ತಲಾ ಕಾಲು ಪಣ. ದಾಸರ ಕಾಲವಾದುದರಿಂದ ಮನುಷ್ಯನೂ ಈ ಪಟ್ಟಿಯಲ್ಲಿ ಸೇರಿದ್ದಾನೆ. ಇದನ್ನು ಓದುವಾಗ ಮನಸ್ಸು ಮುದುಡದೆ ಇರದು.

ಇದಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದುದು ಇನ್ನೊಂದು ನಿಯಮ. ತನ್ನ ಕಳೆದುಹೋದ ವಸ್ತುವು ಪರರ ಕೈಯಲ್ಲಿರುವುದನ್ನು ಕಂಡು, ಅರಸನಿಗೆ ಅರಿಕೆಮಾಡದೆ ತಾನೇ ಕಿತ್ತುಕೊಂಡವನಿಗೆ 96 ಪಣಗಳ ದಂಡ. ವಸ್ತು ನಿಜವಾಗಿ ತನ್ನದೇ ಆಗಿದ್ದರೂ ದಂಡವು ತಪ್ಪದು. ಎಮ್ಮೆಯನ್ನು ನ್ಯಾಯವಾಗಿ ಬಿಡಿಸಿಕೊಳ್ಳಲು 2 ಪಣ. ಬಲಾತ್ಕಾರದಿಂದ ಹೊಡೆದುಕೊಂಡು ಬಂದರೆ 96. ಈ ಅಂತರವೇ ಸ್ಮೃತಿಕಾರನ ಅಭಿಪ್ರಾಯವನ್ನು ಸಾರುತ್ತದೆ. ತುರುಗಳ ಒಡೆತನಕ್ಕಾಗಿ ಊರೂರು ಹೊಡೆದಾಡಿ ಸತ್ತ ನಾಡು ನಮ್ಮದು. ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು ಕನ್ನಡನಾಡಿನ ಕೆರೆಯ ಏರಿಗಳ ಮೇಲೂ ಗುಡಿಗಳ ಮಗ್ಗುಲಲ್ಲೂ ಇಂದಿಗೂ ನಿಂತಿವೆ. ಆ ಕಲ್ಲುಗಳ ನಡುವೆ ಬಾಳಿದ ವಿಜ್ಞಾನೇಶ್ವರನಿಗೆ ಈ ದಂಡದ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಇದು ಹಳೆಯ ಮಾತೆಂದು ಯಾರೂ ತಿಳಿಯಬಾರದು. ಹಲವಾಗಲು ಸೇರಿದ ನಮ್ಮ ಹರಪನಹಳ್ಳಿ ಸೀಮೆಯು 1953ರವರೆಗೆ ಮದರಾಸಿನ ಬಳ್ಳಾರಿಗೂ, 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಗೂ ಸೇರಿದ್ದು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತಷ್ಟೆ. ಆ ನೆರೆಯ ದಾವಣಗೆರೆ ಜಿಲ್ಲೆಯಲ್ಲಿಯೇ 2024ನೆಯ ಡಿಸೆಂಬರಿನಲ್ಲಿ ಕುಣೆಬೆಳಕೆರೆ ಮತ್ತು ಕುಳಗಟ್ಟೆ ಎಂಬ ಎರಡು ಗ್ರಾಮಗಳವರು ದೇವಿಗೆ ಬಿಟ್ಟ ಒಂದು ಕೋಣಕ್ಕಾಗಿ ಕಾದಾಡುವ ಹಂತಕ್ಕೆ ಬಂದಿದ್ದರು. ಒಬ್ಬರು ಕೋಣಕ್ಕೆ ಎಂಟು ವರ್ಷವೆಂದರು, ಇನ್ನೊಬ್ಬರು ಮೂರು ವರ್ಷವೆಂದರು. ಪಶುವೈದ್ಯರು ಹಲ್ಲುಗಳನ್ನು ನೋಡಿ ಆರು ವರ್ಷಕ್ಕೆ ಮೇಲ್ಪಟ್ಟಿದೆಯೆಂದು ಹೇಳಿದರು. ಅದರಿಂದಲೂ ವಿವಾದವು ತಣ್ಣಗಾಗದೆ ಡಿ.ಎನ್.ಎ. ಪರೀಕ್ಷೆಯ ಮಾತು ಬಂದಿತು. 2019ರಲ್ಲಿ ಹೊನ್ನಾಳಿ ತಾಲ್ಲೂಕಿನ ಬೇಲಿಮಲ್ಲೂರಿಗೂ ಶಿವಮೊಗ್ಗೆಯ ಹಾರನಹಳ್ಳಿಗೂ ಇಂತಹದೇ ವ್ಯಾಜ್ಯವು ನಡೆದಿತ್ತು. 2025ರ ಆದಿಯಲ್ಲಿ ಬಳ್ಳಾರಿಯ ಬೊಮ್ಮನಹಾಳಿಗೂ ಆಂಧ್ರಸೀಮೆಯ ಒಂದು ಗ್ರಾಮಕ್ಕೂ ಮತ್ತೆ ಕೋಣದ ಜಗಳವೇ ಆಯಿತು. ಹಲ್ಲುಗಳನ್ನು ಎಣಿಸಿದ ಪಶುವೈದ್ಯರು ಮಾಡಿದ ಕೆಲಸವು ಮಿತಾಕ್ಷರೆಯ ಲಿಂಗಪರೀಕ್ಷೆಯೇ ಹೊರತು ಬೇರೆಯಲ್ಲ.

ಇನ್ನು ಬೆಕ್ಕಿಗೆ ಬರೋಣ. ಮೇಲೆ ಹೇಳಿದ ಪಣಗಳ ಪಟ್ಟಿಯಲ್ಲಿ ಬೆಕ್ಕಿನ ಹೆಸರಿಲ್ಲ. ಬೆಕ್ಕನ್ನು ಕೊಂದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸಿದ ಮನುವು ಬೆಕ್ಕನ್ನು ಕಳೆದುಕೊಂಡವನ ವಿಷಯದಲ್ಲಿ ಮೌನವನ್ನು ತಾಳಿದ್ದಾನೆ. ಕೊಂದರೆ ಪಾಪವುಂಟು, ಕಳೆದರೆ ವ್ಯವಹಾರವಿಲ್ಲ! ಈ ಮೌನಕ್ಕೆ ಕಾರಣವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುವುದೆಂದು ನನಗೆ ತೋರುತ್ತದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಯ ಪ್ರತಿಯಿಂದ ಎತ್ತಿ 1909ರಲ್ಲಿ ಅಚ್ಚುಹಾಕಿಸಿದ ಆ ಗ್ರಂಥದಲ್ಲಿ, ಇಲಿಗಳ ಉಪದ್ರವವುಂಟಾದಾಗ ಬೆಕ್ಕುಗಳನ್ನೂ ಮುಂಗುಸಿಗಳನ್ನೂ ಬಿಡಬೇಕೆಂದೂ, ಅವುಗಳನ್ನು ಹಿಡಿದವರಿಗೂ ಹಿಂಸಿಸಿದವರಿಗೂ 12 ಪಣಗಳ ದಂಡವೆಂದೂ ಹೇಳಿದೆ. ಹಿಡಿದವರಿಗೂ ಎಂಬ ಮಾತನ್ನು ಗಮನಿಸಬೇಕು. ಅಲ್ಲಿ ಬೆಕ್ಕು ಒಬ್ಬರ ಸ್ವತ್ತಲ್ಲ. ಕಣಜವುಳ್ಳ ಊರಿಗೆಲ್ಲಾ ಸಾಧಾರಣವಾದ ರಕ್ಷಕನು. ಅದನ್ನು ತನ್ನ ಮನೆಯಲ್ಲಿ ಕಟ್ಟಿಹಾಕುವುದೇ ಅಪರಾಧವು.

ಪಶ್ಚಿಮದೇಶಗಳಲ್ಲಿಯೂ ಬೆಕ್ಕಿನ ಬೆಲೆಯು ಇಲಿಯಿಂದಲೇ ನಿರ್ಣಯವಾಯಿತು. ವೇಲ್ಸ್ ದೇಶದ ಹಿಂದಣ ಧರ್ಮಸಂಹಿತೆಯಲ್ಲಿ, ಕಣ್ಣುಬಿಡದ ಮರಿಗೆ ಒಂದು ಪೆನ್ನಿ, ಇಲಿ ಹಿಡಿಯುವವರೆಗೆ ಎರಡು, ಹಿಡಿದ ಮೇಲೆ ನಾಲ್ಕು ಎಂದು ಬೆಲೆಯನ್ನು ಕಟ್ಟಿದ್ದರು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ಲಾಕ್‌ಸ್ಟನ್ನನು ಬೆಕ್ಕುನಾಯಿಗಳು ಕೇವಲ ವಿನೋದಕ್ಕಾಗಿ ಸಾಕುವ ಪ್ರಾಣಿಗಳಾದುದರಿಂದ ಅವುಗಳನ್ನು ಕದಿಯುವುದು ಕಳ್ಳತನವೆನಿಸದೆಂದು ಬರೆದನು. ನಮ್ಮ ಹಳ್ಳಿಗಳ ಬೊಂದದೊಡ್ಡಿಗೆ ಆಧಾರವಾದ 1871ರ ಜಾನುವಾರು ಅತಿಕ್ರಮಣ ಶಾಸನದಲ್ಲಿ ಆನೆಯಿಂದ ಹಿಡಿದು ಹಂದಿ ಮೇಕೆಮರಿಗಳವರೆಗೆ ಹೆಸರಿಸಿದ್ದಾರೆ. ಬೆಕ್ಕು ಅದರಲ್ಲಿಯೂ ಇಲ್ಲ. ಕಲ್ಯಾಣದಿಂದ ಕಲ್ಕತ್ತೆಯವರೆಗೆ, ಏಳೆಂಟುನೂರು ವರ್ಷಗಳ ಕಾಲ, ಬೆಕ್ಕು ಯಾವ ಪಟ್ಟಿಗೂ ಸಿಕ್ಕದೆ ಗೋಡೆಯ ಮೇಲೆಯೇ ನಡೆದಿದೆ.

ಪಟ್ಟಿಯಲ್ಲಿ ಇಲ್ಲದುದರಿಂದ ಸ್ವತ್ವವೇ ಇಲ್ಲವೆಂದು ಹೇಳಬಹುದೇ? ಹಾಗೆ ಹೇಳಲಾಗದು. ಸ್ವತ್ವವು ಲೌಕಿಕವೆಂಬುದು ವಿಜ್ಞಾನೇಶ್ವರನ ಪ್ರಸಿದ್ಧವಾದ ಸಿದ್ಧಾಂತ. ಶಾಸ್ತ್ರದ ಗಂಧವೇ ಇಲ್ಲದ ಜನರಲ್ಲಿಯೂ ಕೊಡುವುದು ಕೊಳ್ಳುವುದು ನಡೆಯುತ್ತಿರುವುದರಿಂದ, ಒಡೆತನವು ಲೋಕವ್ಯವಹಾರದಿಂದಲೇ ತಿಳಿಯತಕ್ಕದ್ದೆಂದು ಅವನು ಸಾಧಿಸುತ್ತಾನೆ. ಪಿತ್ರಾರ್ಜಿತ, ಕ್ರಯ, ವಿಭಾಗ, ಪರಿಗ್ರಹ, ಅಧಿಗಮ ಎಂದು ಗೌತಮನು ಹೇಳಿದ ಸ್ವತ್ವಹೇತುಗಳಲ್ಲಿ ಪರಿಗ್ರಹವೆಂದರೆ ಯಾರದೂ ಅಲ್ಲದ ಕಾಡಿನ ಹುಲ್ಲು, ನೀರು, ಕಟ್ಟಿಗೆಗಳನ್ನು ತನ್ನದಾಗಿ ಮಾಡಿಕೊಳ್ಳುವುದು. ಬೀದಿಯಲ್ಲಿ ಹುಟ್ಟಿದ ಒಡೆಯನಿಲ್ಲದ ಮರಿಯನ್ನು ಮನೆಗೆ ತಂದು ಸಾಕಿದವರಿಗೆ ಈ ಹೇತುವಿನಿಂದಲೇ ಸ್ವತ್ವವುಂಟಾಗುವುದು. ಆದರೆ ಒಡೆಯನುಳ್ಳ ಬೆಕ್ಕು ನಾಲ್ಕು ದಿನ ನಮ್ಮ ಮನೆಯ ಹಾಲನ್ನು ಕುಡಿದಮಾತ್ರಕ್ಕೆ ಪರಿಗ್ರಹವಾಗದು; ಅದು ಮೊದಲೇ ಒಬ್ಬರದಾಗಿರುತ್ತದೆ.

ಇಲ್ಲಿಯೇ ವಿವಾದದ ಗಂಟು ಇರುವುದು. ಬೆಕ್ಕಿನ ವ್ಯಾಜ್ಯಗಳಲ್ಲಿ ಪ್ರತಿವಾದಿಯು ಸಾಮಾನ್ಯವಾಗಿ ಹೇಳುವ ಮಾತೇನು? ‘ಅದು ತಾನಾಗಿಯೇ ನಮ್ಮ ಮನೆಗೆ ಬರುತ್ತದೆ, ನಮ್ಮಲ್ಲಿಯೇ ಉಣ್ಣುತ್ತದೆ, ನಮ್ಮ ಮಕ್ಕಳ ಮಗ್ಗುಲಲ್ಲಿಯೇ ಮಲಗುತ್ತದೆ’ ಎಂಬುದು. ಇದು ಭುಕ್ತಿಯ ವಾದ. ಲಿಖಿತ, ಸಾಕ್ಷಿ, ಭುಕ್ತಿ ಈ ಮೂರೂ ಪ್ರಮಾಣಗಳೇ ಸರಿ. ಆದರೆ ಪ್ರೀತಿಯಿಂದ ಅನುಭವಿಸಿದ ಹಸು, ಒಂಟೆ, ಕುದುರೆ, ಪಳಗಿಸಲು ಕೊಟ್ಟ ಹೋರಿ ಇವುಗಳ ಒಡೆತನವು ಎಷ್ಟು ಕಾಲವಾದರೂ ಹೋಗದೆಂದು ಮನುವು ಎಂಟನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ನೆರೆಹೊರೆಯ ಸ್ನೇಹದಿಂದ ಬಿಟ್ಟುಕೊಟ್ಟ ಅನುಭೋಗವು ಒಡೆಯನ ವಿರುದ್ಧವಾಗಿ ಪ್ರಮಾಣವಾಗಬಾರದೆಂಬುದು ಇದರ ತಾತ್ಪರ್ಯ. ಬೆಕ್ಕಿಗೆ ಇದಕ್ಕಿಂತ ಒಪ್ಪುವ ನಿಯಮವನ್ನು ನಾನು ಕಾಣೆ. ಇಲ್ಲವಾದರೆ ನೆರೆಮನೆಯ ಮಗುವಿಗೆ ನಮ್ಮ ಬೆಕ್ಕನ್ನು ಎತ್ತಿಕೊಳ್ಳಲು ಬಿಡುವುದಕ್ಕೂ ನಾವು ಅಂಜಬೇಕಾದೀತು.

ಊಟದಿಂದ ಒಡೆಯನನ್ನು ಕಂಡುಹಿಡಿದ ಕಥೆಯೊಂದು ಬೌದ್ಧರ ಜಾತಕಗಳಲ್ಲಿದೆ. ಎತ್ತಿಗಾಗಿ ಇಬ್ಬರು ಹೊಡೆದಾಡುವಾಗ, ಏನನ್ನು ಮೇಯಿಸಿದೆಯೆಂದು ಮಹೌಷಧ ಪಂಡಿತನು ಇಬ್ಬರನ್ನೂ ಕೇಳುತ್ತಾನೆ. ಕಳ್ಳನು ಗಂಜಿ, ಎಳ್ಳು, ಉದ್ದು ಎನ್ನುತ್ತಾನೆ. ಬಡವನಾದ ಒಡೆಯನು ಬರಿಯ ಹುಲ್ಲು ಎನ್ನುತ್ತಾನೆ. ಎತ್ತಿಗೆ ಸೊಪ್ಪಿನ ಕಷಾಯವನ್ನು ಕುಡಿಸಿದರೆ ಅದು ಹುಲ್ಲನ್ನೇ ಕಾರಿತು. ಎತ್ತಿನಲ್ಲಿ ಫಲಿಸಿದ ಈ ಯುಕ್ತಿಯು ಬೆಕ್ಕಿನಲ್ಲಿ ಫಲಿಸದು. ಅದು ವಾದಿಯ ಮನೆಯ ಹಾಲನ್ನೂ ಪ್ರತಿವಾದಿಯ ಮನೆಯ ಮೊಸರನ್ನೂ ಎರಡನ್ನೂ ಕಾರೀತು. ಇಬ್ಬರ ನಡುವೆ ಬೆಕ್ಕನ್ನು ಬಿಟ್ಟು ಯಾರ ಬಳಿಗೆ ಹೋಗುತ್ತದೆಯೋ ನೋಡೋಣವೆಂದು ಕೆಲವರು ಹೇಳುವುದುಂಟು. ಗುಂಪನ್ನು ಕಂಡು ಹೆದರಿದ ಬೆಕ್ಕು ಇಬ್ಬರನ್ನೂ ಬಿಟ್ಟು ಅಟ್ಟವನ್ನೇರುವುದೇ ಹೆಚ್ಚು ಸಂಭವ.

ಆದುದರಿಂದ ಗುರುತುಗಳನ್ನೇ ನಂಬಬೇಕು. ಈ ಕ್ರಮವು ಎಷ್ಟು ಪುರಾತನವೆಂಬುದಕ್ಕೆ ಪಾಣಿನಿಯ ವ್ಯಾಕರಣವೇ ಸಾಕ್ಷಿ. ಪಾಠಶಾಲೆಯಲ್ಲಿ ನಾವು ಸಂಧಿಯ ದೀರ್ಘಕ್ಕಾಗಿ ಉರುಹೊಡೆದ ಒಂದು ಸೂತ್ರದಲ್ಲಿ, ದನಗಳ ಕಿವಿಗೆ ಹಾಕುತ್ತಿದ್ದ ಒಡೆತನದ ಗುರುತುಗಳ ಹೆಸರುಗಳಿವೆ: ಎಂಟು, ಐದು, ಮಣಿ, ಸೀಳಿದುದು, ಕತ್ತರಿಸಿದುದು, ತೂತು, ಸ್ರುವ, ಸ್ವಸ್ತಿಕ. ಯಾವನೋ ಗೋಪಾಲಕನು ತನ್ನ ಹಸುವಿನ ಕಿವಿಯಲ್ಲಿ ಕೊರೆದ ಗುರುತು ಶಬ್ದಶಾಸ್ತ್ರದಲ್ಲಿ ಚಿರಸ್ಥಾಯಿಯಾಗಿ ನಿಂತಿದೆ. ಕೌಟಿಲ್ಯನ ಗೋಧ್ಯಕ್ಷನು ಒಂದೆರಡು ತಿಂಗಳ ಕರುವಿಗೇ ಮುದ್ರೆಯೊತ್ತಿಸಿ ಅಂಕ, ಚಿಹ್ನೆ, ಬಣ್ಣ, ಕೊಂಬುಗಳ ಅಂತರ ಇವುಗಳನ್ನು ಪುಸ್ತಕದಲ್ಲಿ ಬರೆಯಿಸಬೇಕು. ಇಂದು ನಮ್ಮ ಹಳ್ಳಿಯ ಹಸುಗಳ ಕಿವಿಯಲ್ಲಿ ತೂಗುವ ಹಳದಿಯ ಬಿಲ್ಲೆಯ 12 ಅಂಕಗಳು ಅದೇ ಸಂಪ್ರದಾಯದ ಮುಂದುವರಿಕೆ. ಬೆಕ್ಕಿಗೂ ಈಗ ಗುರುತು ಬಂದಿದೆ: ಅಕ್ಕಿಯ ಕಾಳಿನಷ್ಟು ದೊಡ್ಡದಾದ, 15 ಅಂಕಗಳ ಸಂಖ್ಯೆಯುಳ್ಳ ಚಿಪ್ಪನ್ನು ಚರ್ಮದಡಿಯಲ್ಲಿ ಸೇರಿಸುತ್ತಾರೆ. ಇಂಗ್ಲೆಂಡಿನಲ್ಲಿ 2024ನೆಯ ಜೂನ್ 10ರಿಂದ ಸಾಕಿದ ಬೆಕ್ಕುಗಳಿಗೆ ಇದನ್ನು ಕಡ್ಡಾಯ ಮಾಡಿದರು.

ಡಿ.ಎನ್.ಎ. ಪರೀಕ್ಷೆಯ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವುಂಟು. ಆ ಪರೀಕ್ಷೆಯು ಪ್ರಾಣಿಯ ತಾಯಿತಂದೆಗಳನ್ನು ತಿಳಿಸುವುದೇ ಹೊರತು ಒಡೆಯನನ್ನಲ್ಲ. ತಂದೆಯು ಯಾವುದೆಂದು ತಿಳಿದೂ ಪ್ರಯೋಜನವಿಲ್ಲ. ಪರರ ಹಸುಗಳಲ್ಲಿ ನೂರು ಕರುಗಳನ್ನು ಹುಟ್ಟಿಸಿದ ಹೋರಿಯ ಒಡೆಯನಿಗೆ ಒಂದು ಕರುವಿನ ಮೇಲೆಯೂ ಹಕ್ಕಿಲ್ಲವೆಂದು ಮನುವಿನ ಒಂಬತ್ತನೆಯ ಅಧ್ಯಾಯವು ನಿಷ್ಕರ್ಷಿಸಿದೆ. ಮರಿಯು ತಾಯಿಯ ಒಡೆಯನದು. ತಾಯಿಬೆಕ್ಕು ನಮ್ಮ ಮನೆಯಲ್ಲಿ ಇದ್ದು, ಕಳೆದ ಬೆಕ್ಕು ಅದರ ಮರಿಯೆಂದು ಪರೀಕ್ಷೆಯಿಂದ ಸಿದ್ಧವಾದರೆ ನಮ್ಮ ವಾದಕ್ಕೆ ಬಲ ಬಂದೀತು. ಆದರೂ ಆ ಮರಿಯನ್ನು ನಾವೇ ಹಿಂದೆ ನೆರೆಯವರಿಗೆ ಕೊಟ್ಟಿದ್ದೆವೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಅದಕ್ಕೆ ರಕ್ತವು ಉತ್ತರ ಹೇಳಲಾರದು. ತಾಯಿಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುವುದೆಂದು ನಮ್ಮ ಹೆಂಗಸರು ಹೇಳುವರಷ್ಟೆ. ಆ ಏಳನೆಯ ಮನೆಯವರು ಮರಿಯು ತಮ್ಮಲ್ಲಿ ಕಣ್ಣುಬಿಟ್ಟಿತೆಂದು ಹಕ್ಕನ್ನು ಕೇಳಿದರೆ, ಮೇಲಿನ ನ್ಯಾಯದಂತೆ ಸಲ್ಲದು.

ದಾನದಿಂದ ಬಂದ ಒಡೆತನಕ್ಕೆ ಕನ್ನಡದಲ್ಲಿ ಒಂದು ಅಪೂರ್ವವಾದ ಶಿಲಾಲೇಖವಿದೆ. ಕ್ರಿ.ಶ. 949-50ರ ಆತಕೂರು ಶಾಸನವು ಚೋಳ ರಾಜಾದಿತ್ಯನು ಮಡಿದ ತಕ್ಕೋಲದ ಯುದ್ಧವನ್ನು ಹೇಳುವುದರಿಂದ ಚರಿತ್ರಕಾರರಿಗೆ ಪ್ರಿಯವಾಗಿದೆ. ಅದೇ ಕಲ್ಲಿನಲ್ಲಿ ಮಣಲೇರನೆಂಬ ವೀರನು, ಬೇಡಿದುದನ್ನು ಕೊಡುವೆನೆಂದು ಒಡೆಯನು ಹೇಳಿದಾಗ, ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನೆಂದು ಬರೆದಿದೆ. ಆ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಕೊಟ್ಟವನು ಯಾರು, ಪಡೆದವನು ಯಾರು, ಕೊಟ್ಟುದೇಕೆ, ಪ್ರಾಣಿಯ ಹೆಸರೇನು ಎಂಬುದೆಲ್ಲವೂ ಲಿಖಿತವಾಗಿದೆ. ಭೂಮಿ, ಹೊನ್ನುಗಳನ್ನು ಬೇಡಬಹುದಾದ ಸಮಯದಲ್ಲಿ ನಾಯಿಯನ್ನು ಬೇಡಿದ ಮಣಲೇರನನ್ನು ಸಾಕುಪ್ರಾಣಿಯ ಪ್ರೀತಿಯನ್ನು ನಗುವವರು ಒಮ್ಮೆ ನೆನೆಯಬೇಕು.

ದೇವಿಯ ಕೋಣಕ್ಕೂ ಮನೆಯ ಬೆಕ್ಕಿಗೂ ಒಂದು ಭೇದವನ್ನು ಹೇಳದಿದ್ದರೆ ವಿಚಾರವು ಅಪೂರ್ಣವಾದೀತು. ಕೋಣವನ್ನು ಬಿಡುವುದೆಂದರೆ ಉತ್ಸರ್ಗ. ಬಿಟ್ಟವನ ಸ್ವತ್ವವು ಆ ಕ್ಷಣವೇ ತೀರಿತು. ಉತ್ಸೃಷ್ಟಪಶುವು ಪರರ ಪೈರನ್ನು ಮೇಯ್ದರೂ ದಂಡವಿಲ್ಲದೆ ಬಿಡಬೇಕೆಂದು ಯಾಜ್ಞವಲ್ಕ್ಯನು ಹೇಳಿರುವುದು ಅದಕ್ಕೆ ಒಡೆಯನಿಲ್ಲದುದರಿಂದಲೇ. ಹಾಗಿರುವಾಗ ಎರಡು ಊರಿನವರು ಕಾದಾಡುವುದು ಒಡೆತನಕ್ಕಲ್ಲ, ಸೇವೆಯ ಹಕ್ಕಿಗೆ. ಬಲಿಯಂತೂ 1959ರ ಶಾಸನದಿಂದ ನಿಷಿದ್ಧವಾಗಿದೆ. ಮನೆಯ ಬೆಕ್ಕು ಅಲೆದಾಡಿದರೂ ಅದನ್ನು ಯಾರೂ ಉತ್ಸರ್ಗಮಾಡಿರುವುದಿಲ್ಲ. ಅಲೆಯುವುದು ಅದರ ಸ್ವಭಾವ. ಸ್ವಭಾವದಿಂದ ಹೊರಗೆ ಹೋದುದನ್ನು ಒಡೆಯನು ತ್ಯಜಿಸಿದನೆಂದು ಎಣಿಸಲಾಗದು.

ಹಾಗಾದರೆ ಇಂತಹ ವ್ಯಾಜ್ಯವನ್ನು ಎಲ್ಲಿಗೆ ಒಯ್ಯಬೇಕು? ಪೋಲೀಸು ಠಾಣೆಗಲ್ಲವೆಂಬುದು ಬೆಂಗಳೂರಿನ ಪ್ರಕರಣದಿಂದ ತಿಳಿಯಿತು. ನಿರ್ದಿಷ್ಟವಾದ ಚರವಸ್ತುವನ್ನೇ, ಹಣದ ಪರಿಹಾರದಿಂದ ತೃಪ್ತಿಯಾಗದ ಪಕ್ಷದಲ್ಲಿ, ಹಿಂದಕ್ಕೆ ಕೊಡಿಸಬೇಕೆಂದು ಕೇಳುವ ಹಕ್ಕನ್ನು 1963ರ ನಿರ್ದಿಷ್ಟ ಪರಿಹಾರ ಶಾಸನವು ಕೊಡುತ್ತದೆ. ಅದೇ ವರ್ಷದ ಕಾಲಮಿತಿ ಶಾಸನದಂತೆ, ಕಳೆದ ವಸ್ತು ಯಾರ ಬಳಿಯಿದೆಯೆಂದು ತಿಳಿದಂದಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು; ಮನುವಿನ ಅವಧಿಯೊಡನೆ ಇದು ಕೂಡಿಬಂದಿರುವುದು ಕಾಕತಾಳೀಯವಾದರೂ ಸೊಗಸಾಗಿದೆ. ಬೆಕ್ಕಿನ ಆಯುಸ್ಸು ಹದಿನೈದು ವರ್ಷವೆಂದರೆ, ಸಿವಿಲ್ ಕೋರ್ಟಿನ ನಿಧಾನವನ್ನು ಬಲ್ಲವರು ದಾವೆಗೆ ಮುಂಚೆ ಊರಿನ ಹಿರಿಯರ ಬಳಿಗೆ ಹೋಗುವುದು ಮೇಲು.

ಹಿರಿಯರು ಕೇಳಬೇಕಾದುದು ಹೆಚ್ಚೇನಿಲ್ಲ. ಬೆಕ್ಕನ್ನು ಮರೆಯಲ್ಲಿಟ್ಟು ವಾದಿಪ್ರತಿವಾದಿಗಳನ್ನು ಬೇರೆಬೇರೆಯಾಗಿ ಕರೆದು, ಹೊಟ್ಟೆಯ ಕೆಳಗಣ ಮಚ್ಚೆ, ಬಾಲದ ತುದಿಯ ಬಣ್ಣ, ಹಿಂದೆ ಆದ ಗಾಯದ ಕಲೆ, ಎಲ್ಲಿಂದ ಬಂದಿತು, ಯಾರು ಕೊಟ್ಟರು, ಎಂದಿನಿಂದ ಕಾಣೆಯಾಯಿತು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಸುಳ್ಳು ಹೇಳಿದವರಿಂದ ಬೆಕ್ಕಿನ ಬೆಲೆಯನ್ನು ಗುಡಿಯ ಹುಂಡಿಗೆ ಹಾಕಿಸಬೇಕು. ಒಡೆಯರಿಗೆ ಬೆಕ್ಕನ್ನು ಕೊಡಿಸುವಾಗ, ಒಳ್ಳೆಯ ಮನಸ್ಸಿನಿಂದ ಇಷ್ಟುದಿನ ಸಾಕಿದ ನೆರೆಯವರಿಗೆ ಹಾಲಿನ ಲೆಕ್ಕವನ್ನು ತೀರಿಸುವಂತೆ ಹೇಳಬೇಕು. ಪಟ್ಟಿಯಲ್ಲಿ ಬೆಕ್ಕು ಇಲ್ಲವಾದುದರಿಂದ ಅದನ್ನು ಆಡುಕುರಿಗಳ ಸಾಲಿನಲ್ಲಿ ಸೇರಿಸಿ ಕಾಲು ಪಣವೆಂದು ನಾನು ಎಣಿಸುತ್ತೇನೆ. ಈಗಿನ ಹಾಲಿನ ದರದಲ್ಲಿ ಕಾಲು ಪಣಕ್ಕೆ ಎಷ್ಟು ಬಂದೀತೆಂಬುದನ್ನು ಹಿರಿಯರೇ ಗುಣಿಸಿಕೊಳ್ಳಲಿ.